ಮೂರು ಕಡೂರು

ಕಡೂರು ಬಸ್ ನಿಲ್ದಾಣದಲ್ಲಿ ನಾವು ಮೂವರೂ ಸೇರಿದಾಗ ಬೆಳಿಗ್ಗೆ ಏಳೂವರೆ ಎಂದು ನನ್ನ ದಿನಚರಿಯಲ್ಲಿದೆ. ನನ್ನ ನೆನಪಿನಲ್ಲಿ ಅದು ಎಂಟು ದಾಟಿತ್ತು. ಕಲ್ಲುಬೆಂಚು ಕೂರಲಾಗದಷ್ಟು ಕಾದಿತ್ತು. ಎರಡು ವರ್ಷದ ಹಿಂದಿನ, ಒಂದೇ ದಿನದ ಪ್ರಯಾಣವಿದು. ಈಗ ನಾನು ಪದವಿಗೆ ಇತಿಹಾಸ ಓದುತ್ತಿದ್ದೇನೆ. ನೆನಪಿಗಿಂತ ಬರೆದಿಟ್ಟದ್ದನ್ನು ನಂಬಬೇಕೆಂದು ತರಗತಿಯಲ್ಲಿ ಕಲಿಸುತ್ತಾರೆ. ಆದರೆ ಇಲ್ಲಿ ಬರೆದಿಟ್ಟವಳೂ ನಾನೇ. ಆದ್ದರಿಂದ ಎರಡೂ ಹೊಂದದ ಕಡೆ ಎರಡನ್ನೂ ಹೇಳುತ್ತೇನೆ.

ಮೂವರೆಂದರೆ ನಾನು, ಗೌತಮಿ, ರೇಣುಕಾ. ನಮ್ಮ ಮನೆ ಕಡೂರಿನಲ್ಲೇ. ಗೌತಮಿ ಸಖರಾಯಪಟ್ಟಣದಿಂದ, ರೇಣು ಹಿರೇನಲ್ಲೂರಿನಿಂದ ದಿನವೂ ಬಸ್ಸಿನಲ್ಲಿ ಬಂದು ಓದಿದವರು. ಎಂಟನೇ ತರಗತಿಯಿಂದ ಹತ್ತರವರೆಗೆ ನಮ್ಮದು ಒಂದೇ ಬೆಂಚು. ದ್ವಿತೀಯ ಪಿಯುಸಿ ಫಲಿತಾಂಶ ಬಂದು ಮೂರು ವಾರವಾಗಿತ್ತು. ಮೂವರೂ ಶಿವಮೊಗ್ಗದ ಒಂದೇ ಕಾಲೇಜಿಗೆ ಸೇರುವುದು, ಒಂದೇ ಹಾಸ್ಟೆಲ್ ಕೋಣೆ ಹಿಡಿಯುವುದು ಎಂದು ಮಾತಾಗಿತ್ತು. ಅರ್ಜಿಗೆ ಮರುದಿನವೇ ಕೊನೆ. ನನ್ನದು ಮತ್ತು ಗೌತಮಿಯದು ಸಹಿಯಾಗಿ ಸಿದ್ಧವಿದ್ದವು. ರೇಣುವಿನದನ್ನು ನಾನೇ ಸೈಬರ್ ಅಂಗಡಿಯಲ್ಲಿ ಕೂತು ತುಂಬಿ, ಪ್ರಿಂಟ್ ತೆಗೆಸಿ, ಫೋಟೊ ಅಂಟಿಸಿದ್ದೆ. ಅವಳ ಸಹಿಯೊಂದು ಬಾಕಿ. ವಾರದಿಂದ ಅವಳು ಕೈಗೆ ಸಿಕ್ಕಿರಲಿಲ್ಲ. "ಅಮೃತಾಪುರಕ್ಕೆ ಹೋಗಿಬರಾಣ ಕಣೇ, ಮೂರು ಜನಾನೂ" ಎಂದು ಅವಳೇ ಫೋನ್ ಮಾಡಿದಾಗ, ಅಲ್ಲೇ ಸಹಿ ಹಾಕಿಸಿದರಾಯಿತೆಂದು ಅರ್ಜಿಯನ್ನು ದಿನಚರಿಯೊಳಗೆ ಇಟ್ಟುಕೊಂಡು ಹೊರಟೆ.

ರೇಣು ಒಂದು ದೊಡ್ಡ ಚೀಲ ಹೊತ್ತು ಬಂದಿದ್ದಳು. ನಾನು ಅದನ್ನು ಗಮನಿಸಲೇ ಇಲ್ಲ ಎಂದು ಈಚಿನವರೆಗೂ ನಂಬಿದ್ದೆ. ಗೌತಮಿಗೂ ಹಾಗೆಯೇ ಹೇಳಿದ್ದೆ. ದಿನಚರಿಯಲ್ಲಿ ನನ್ನದೇ ಅಕ್ಷರದಲ್ಲಿದೆ: "ರೇಣು ದೊಡ್ಡ ಬ್ಯಾಗ್ ತಂದಿದ್ದಾಳೆ. ಯಾಕೆಂದು ಕೇಳಲಿಲ್ಲ."

ತರೀಕೆರೆಗೆ ಸರ್ಕಾರಿ ಬಸ್ಸು ಸಿಕ್ಕಿತು. ಹೆಂಗಸರಿಗೆ ಟಿಕೆಟ್ಟಿಗೆ ದುಡ್ಡಿಲ್ಲದ ಮೇಲೆ ಕೂರಲು ಜಾಗವೂ ಇಲ್ಲ. ಬೀರೂರಿನವರೆಗೆ ನಿಂತೇ ಹೋದೆವು. ನಾನು ಅಭ್ಯಾಸಬಲದಿಂದ ಮೂರು ಬೆರಳೆತ್ತಿ "ಮೂರು ತರೀಕೆರೆ" ಎಂದೆ. ಹೈಸ್ಕೂಲಿನಲ್ಲಿ ಬೀರೂರಿಗೆ ಗಣಿತದ ಟ್ಯೂಷನ್ನಿಗೆ ಹೋಗುತ್ತಿದ್ದ ಎರಡು ವರ್ಷವೂ ಹಿಂದಿರುಗುವಾಗ ಮೂವರ ಟಿಕೆಟ್ಟನ್ನು ನಾನೇ ಕೊಳ್ಳುತ್ತಿದ್ದೆ. "ಮೂರು ಕಡೂರು" ಎಂದರೆ ಸಾಕಿತ್ತು, ಉಳಿದಿಬ್ಬರು ಕಿಟಕಿಯ ಕಡೆ ತಿರುಗಿ ಮಾತಾಡಿಕೊಂಡಿರುತ್ತಿದ್ದರು.

"ಮೂರು ಅಂತ ಒಟ್ಟಿಗೆ ಕೊಡಂಗಿಲ್ಲ ಕಣಮ್ಮ" ಎಂದ ಕಂಡಕ್ಟರ್. "ಒಬ್ಬೊಬ್ರೇ ಆಧಾರ್ ತೋರ್ಸಿ. ಎಲ್ಲಿ ಇಳೀತೀರಾ ಅಂತ ಅವ್ರವ್ರೇ ಹೇಳಿ."

ಮೂವರೂ ಬೇರೆ ಬೇರೆಯಾಗಿ ತರೀಕೆರೆ ಎಂದೆವು. ಗೌತಮಿಯ ಕಾರ್ಡನ್ನು ಆತ ದೂರ ಹಿಡಿದು ನೋಡಿದ.

"ಇವ್ನು ಯಾರಮ್ಮ, ನಿನ್ನ ತಮ್ಮನಾ?"

"ನಾನೇ ಸಾರ್. ಹೇನಾಗಿದ್ವು ಅಂತ ಅಮ್ಮ ತಲೆ ಬೋಳಿಸ್ಬಿಟ್ಟಿದ್ರು."

"ಈಗ್ಲಾದ್ರೂ ಹೊಸ ಫೋಟೋ ತೆಗೆಸ್ಕಮ್ಮ, ಚೆಕಿಂಗ್‌ನೋರು ನನ್ನ ಬಯ್ತಾರೆ."

ರೇಣು ನಕ್ಕಿದ್ದು ಆ ದಿನ ಅದೇ ಮೊದಲು. ಶೂನ್ಯ ಎಂದು ಅಚ್ಚಾದ ಮೂರೂ ಚೀಟಿಗಳನ್ನು ನಾನು ಇಸಿದುಕೊಂಡು ದಿನಚರಿಗೆ ಸೇರಿಸಿದೆ. ಎಲ್ಲಿಗೆ ಹೋದರೂ ಟಿಕೆಟ್ಟು ಜೋಪಾನ ಮಾಡುವುದು ನನ್ನ ಚಟ.

ಕಡೂರಿನಿಂದ ತರೀಕೆರೆಗೆ ಸುಮಾರು ಮೂವತ್ತೈದು ಕಿಲೋಮೀಟರ್. ಒಂದು ಗಂಟೆಗೂ ಮೇಲಾಯಿತು. ಅಲ್ಲಿಂದ ಅಮೃತಾಪುರ ಹತ್ತು ಕಿಲೋಮೀಟರ್. ಸಿಕ್ಕಿದ್ದು ಖಾಸಗಿ ಬಸ್ಸು, ತಲೆಗೆ ಹದಿನೈದು ರೂಪಾಯಿ. ಅಲ್ಲಿ "ಮೂರು ಅಮೃತಾಪುರ" ಎಂದರೆ ಯಾರೂ ತಕರಾರು ಮಾಡಲಿಲ್ಲ. ನನಗೆ ಯಾಕೋ ಸಮಾಧಾನವಾಯಿತು.

ಅಮೃತಾಪುರದ ದೇವಸ್ಥಾನ ಹೊಯ್ಸಳರ ಕಾಲದ್ದು. ಹೊರಗೆ ಕಾಲು ಸುಡುವ ಬಿಸಿಲು, ಒಳಗೆ ಕಲ್ಲಿನ ತಂಪು. ನಮ್ಮನ್ನು ಬಿಟ್ಟರೆ ಇದ್ದವರು ಗುಡಿಸುವ ಒಬ್ಬ ಹೆಂಗಸು ಮಾತ್ರ. ಗೋಡೆಯ ಹೊರಗಿನ ಶಿಲ್ಪಗಳನ್ನು ನಾನು ಒಂದೊಂದಾಗಿ ನೋಡಿ ಗುರುತು ಹಾಕಿಕೊಳ್ಳುತ್ತಿದ್ದೆ. ಗೌತಮಿ ಕಂಬಕ್ಕೆ ಒರಗಿ ಕಣ್ಣು ಮುಚ್ಚಿದಳು. ರೇಣುವಿಗೆ ಶಿಲ್ಪ ಬೇಡವಾಗಿತ್ತು. ಮಂಟಪದ ನುಣುಪಾದ ಕಂಬವೊಂದರ ಸುತ್ತಿನ ಗೀರುಗಳ ಮೇಲೆ ಬೆರಳಾಡಿಸುತ್ತ ನಿಂತಿದ್ದಳು.

"ಲೇ, ಇದು ಉಳೀಲಿ ಕೆತ್ತಿರೋದಲ್ಲ ಕಣೇ. ತಿರುಗಿಸಿ ಮಾಡಿರೋದು. ಲೇತ್ ಮೆಷಿನ್ನಲ್ಲಿ ಮಾಡ್ತಾರಲ್ಲ, ಹಂಗೆ. ಇಷ್ಟು ದಪ್ಪ ಕಲ್ಲನ್ನ ಹೆಂಗೆ ತಿರುಗ್ಸಿದ್ರೋ!"

"ಆನೆ ಕಟ್ಟಿ" ಎಂದಳು ಗೌತಮಿ, ಕಣ್ಣು ತೆರೆಯದೆ.

"ಆನೆ ಕಟ್ಟಿದ್ರೆ ಒಂದೇ ಸಮ ತಿರುಗಲ್ಲ ಕಣೇ, ದಡ್ಡಿ."

ಗೌತಮಿ ತಂದಿದ್ದ ಚಿತ್ರಾನ್ನವನ್ನು ಮರದ ನೆರಳಲ್ಲಿ ತಿಂದೆವು. ಬಿಸಿಲಿಗೆ ಅದು ಅಂಟಂಟಾಗಿತ್ತು. ಕೈ ತೊಳೆದು ನಾನು ಅರ್ಜಿ ತೆಗೆದು, ಪೆನ್ನಿನ ಮುಚ್ಚಳ ಬಿಚ್ಚಿ ಚಾಚಿದೆ. "ಕೈ ಇನ್ನೂ ಎಣ್ಣೆ ಎಣ್ಣೆ ಕಣೇ, ಆಮೇಲೆ" ಎಂದು ರೇಣು ಎದ್ದುಹೋದಳು. ಬಸ್ಸಿಗೆ ಕಾಯುವಾಗ ಮತ್ತೆ ಕೇಳಿದೆ. "ನಿಂತ್ಕೊಂಡು ಹಾಕಿದ್ರೆ ಸೈನು ಸೊಟ್ಟ ಆಗುತ್ತೆ" ಎಂದಳು. ಮೂರನೇ ಸಲ ಕೇಳುವಷ್ಟರಲ್ಲಿ ನನಗೆ ತಲೆನೋವು ಶುರುವಾಗಿತ್ತು. ಅವಳಿಗೆ ಮರೆವು, ಸೋಮಾರಿತನ, ಎಲ್ಲ ನಾನೇ ಮಾಡಬೇಕು ಎಂದು ಆ ಪುಟದಲ್ಲಿ ಬರೆದಿದ್ದೇನೆ. ನಾನು ಬೇಕೆಂದೇ ಮೊಂಡುತನ ಮಾಡುತ್ತಿದ್ದೆನೇ, ಅವಳ ಮನಸ್ಸು ನಿಜಕ್ಕೂ ತಿಳಿದಿರಲಿಲ್ಲವೇ ಎಂಬುದು ಈಗ ಗೊತ್ತಾಗುವಂತಿಲ್ಲ.

ತರೀಕೆರೆಗೆ ಮರಳಿದಾಗ ಎರಡೂವರೆ. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದು ಒಂದೂಕಾಲು ಗಂಟೆ ಕಾದೆವು. ನಡುವೆ ಕಡೂರಿನ ನೇರ ಬಸ್ಸೊಂದು, ಅದೂ ಖಾಲಿ, ಬಂದು ಹೋಯಿತು. ರೇಣು ಹತ್ತಲು ಬಿಡಲಿಲ್ಲ.

"ಅಜ್ಜಂಪುರದ ಮೇಲೆ ಸುತ್ಕೊಂಡು ಹೋಗೋ ಬಸ್ಸಿದೆ. ಅದ್ರಲ್ಲಿ ಹೋಗಾಣ."

"ಸುತ್ತು ಯಾಕೆ?"

"ದುಡ್ಡೇನು ಕೊಡ್ಬೇಕಾ? ಊರು ನೋಡ್ದಂಗಾಯ್ತು."

ನನಗೆ ಯಾವ ಊರೂ ಬೇಕಿರಲಿಲ್ಲ. ಮನೆಗೆ ಹೋಗಿ ಮಲಗಿದರೆ ಸಾಕಿತ್ತು. ಆದರೂ ಜಗಳವಾಡುವಷ್ಟು ತ್ರಾಣವಿಲ್ಲದೆ ಸುತ್ತುವ ಬಸ್ಸನ್ನೇ ಹತ್ತಿದೆವು. ಹಿಂದಿನ ಸೀಟು ಸಿಕ್ಕಿತು. ಗೌತಮಿ ಕಿಟಕಿಗೆ, ನಾನು ನಡುವೆ, ರೇಣು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಇನ್ನೊಂದು ತುದಿಗೆ. ವಯಸ್ಸಾದ ಕಂಡಕ್ಟರ್ ಬಂದ.

"ಕಡೂರು" ಎಂದೆ. ಗೌತಮಿ ನಿದ್ದೆಗಣ್ಣಲ್ಲೇ ಕಾರ್ಡು ಚಾಚಿ "ಕಡೂರು" ಎಂದಳು.

"ಅಜ್ಜಂಪುರ" ಎಂದಳು ರೇಣು.

"ಲೇ, ಕಡೂರು ಅನ್ನೇ. ಇಲ್ಲ ಸಾರ್, ಮೂರೂ ಕಡೂರೇ" ಎಂದು ನಾನು ಬಾಯಿ ಹಾಕಿದೆ.

ಕಂಡಕ್ಟರ್ ನನ್ನನ್ನು ನೋಡಲಿಲ್ಲ. "ನೀನ್ ಹೇಳವ್ವ" ಎಂದು ಅವಳನ್ನೇ ಕೇಳಿದ.

"ಅಜ್ಜಂಪುರ" ಎಂದು ರೇಣು ಇನ್ನೊಂದು ಸಲ ಹೇಳಿದಳು. ಮೆಷಿನ್ನು ಕಿರ್ ಎಂದು ಚೀಟಿ ಹೊರಗೆ ಹಾಕಿತು.

ಆಮೇಲೆ ನಾನು ಮೆಲುದನಿಯಲ್ಲೇ ಕಾರಣ ಕೇಳಿದೆ ಎಂದು ನನ್ನ ನೆನಪು. ನಾನು ತಕ್ಷಣ ಕೂಗಾಡಿದೆ, ಮುಂದಿನ ಸೀಟಿನ ಅಜ್ಜಿ ತಿರುಗಿ ನೋಡಿದಳು ಎಂದು ಗೌತಮಿ ಹೇಳುತ್ತಾಳೆ. ಮಾತು ಮಾತ್ರ ಇಬ್ಬರಿಗೂ ಒಂದೇ ನೆನಪಿದೆ. ಅಜ್ಜಂಪುರದಲ್ಲಿ ಅವಳ ಸೋದರಮಾವನಿಗೆ ಪಂಪಿನ ಮೋಟರ್ ರಿಪೇರಿಯ ಅಂಗಡಿಯಿತ್ತು. ಸುಟ್ಟುಹೋದ ಮೋಟರಿಗೆ ಹೊಸ ತಾಮ್ರದ ತಂತಿ ಸುತ್ತುವ ಕೆಲಸ. ಅದನ್ನು ಕಲಿಯಲು ಅವತ್ತಿನಿಂದಲೇ ಹೋಗುವವಳಿದ್ದಳು. ಮನೆಯಲ್ಲಿ ಒಪ್ಪಿಗೆಯಾಗಿ ಹದಿನೈದು ದಿನವಾಗಿತ್ತಂತೆ.

"ಹದಿನೈದು ದಿನದಿಂದ ನಮಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಬಿಡ್ತಿದ್ಯಾ? ನೀನು ಮಾತಾಡಕ್ಕೆ ಶುರು ಮಾಡಿದ್ರೆ ನಂಗೆ ಹೂಂ ಅನ್ನೋದು ಬಿಟ್ರೆ ಬೇರೆ ಬಾಯಿಗೆ ಬರಲ್ಲ ಕಣೇ. ಎಂಟನೇ ಕ್ಲಾಸಿಂದಾನೂ ಅಷ್ಟೇ."

"ಮನೇಲಿ ಬಲವಂತ ಮಾಡಿದ್ರಾ?"

"ನೋಡು, ಇದೇ! ಅಪ್ಪ ಬೇಡ ಅಂದ್ರು, ನಾನೇ ಹಟ ಮಾಡ್ದೆ. ನಂಗೆ ಇಷ್ಟ ಆಗಿರಬಹುದು ಅಂತ ನಿಂಗೆ ಅನ್ಸೋದೇ ಇಲ್ವಾ?"

ಗೌತಮಿಯ ನಿದ್ದೆ ಪೂರ್ತಿ ಬಿಟ್ಟಿತ್ತು. "ಅದ್ಕೇನಾ ನಮ್ಮನ್ನ ಕರ್ಕೊಂಡು ಬಂದಿದ್ದು?"

"ಒಬ್ಳೇ ಬಂದು ಇಳಿಯಕ್ಕೆ ಆಗ್ಲಿಲ್ಲ ಕಣೇ" ಎಂದಳು ರೇಣು, ಚೀಲದ ಜಿಪ್ಪನ್ನು ಎಳೆಯುತ್ತ, ಬಿಡುತ್ತ.

ಹೊರಗೆ ನೆಲ ಕೆಂಪಿನಿಂದ ಕಪ್ಪಿಗೆ ತಿರುಗಿತ್ತು. ಉತ್ತು ಮಳೆಗೆ ಬಿಟ್ಟ ಎರೆ ಹೊಲಗಳು. ದೂರದಲ್ಲಿ, ದನ ಮೇಯಲು ಬಿಟ್ಟ ಕಾವಲಿನ ಒಣ ಹುಲ್ಲಿನಲ್ಲಿ ಬೂದು ದನಗಳು ಒಂದೇ ದಿಕ್ಕಿಗೆ ಮುಖ ಮಾಡಿ ನಿಂತಿದ್ದವು. ಇಷ್ಟು ಸ್ಪಷ್ಟವಾಗಿ ನೆನಪಿರುವುದಕ್ಕೆ ಕಾರಣ, ನಾನು ಅಷ್ಟು ಹೊತ್ತೂ ಅವಳ ಮುಖ ನೋಡದೆ ಹೊರಗೇ ನೋಡುತ್ತಿದ್ದುದು.

ಅಜ್ಜಂಪುರದಲ್ಲಿ ಬಸ್ಸು ಟೀಗೆಂದು ಹದಿನೈದು ನಿಮಿಷ ನಿಂತಿತು. ಅಂಗಡಿ ನಿಲ್ದಾಣದ ಎದುರಿಗೇ ಇತ್ತು. ಬಾಗಿಲಲ್ಲೇ ವಾರ್ನಿಷ್ ವಾಸನೆ. ಒಳಗೆ ಸಾಲಾಗಿ ಬಿಚ್ಚಿಟ್ಟ ಮೋಟರುಗಳು, ಗೋಡೆಯ ಮೊಳೆಗಳಿಗೆ ತಂತಿಯ ಸುರುಳಿಗಳು. ರೇಣುವಿನ ಮಾವ ಕೂತಲ್ಲಿಂದ ಏಳದೆ ನಮ್ಮನ್ನು ಕರೆದರು.

"ಬನ್ರವ್ವಾ. ಇವ್ಳನ್ನ ಬುಡಕ್ಕೆ ಬಂದೋರಾ, ನೀವೂ ಕಲಿಯೋಕೆ ಬಂದೋರಾ?"

"ಬಿಡಕ್ಕೆ" ಎಂದಳು ಗೌತಮಿ.

"ಒಂದು ತಿಂಗ್ಳು ನೋಡ್ತೀನಿ ಅಂದಿದೀನಿ ಇವ್ಳಿಗೆ. ಹಬ್ಬಕ್ಕೆ ಬಂದಾಗ ಸುಮ್ನೆ ಕೈಗೆ ಒಂದು ಮೋಟರ್ ಕೊಟ್ಟಿದ್ದೆ. ಊಟಕ್ಕೆ ಎಬ್ಬಿಸೋದೇ ಕಷ್ಟ ಆಗೋಯ್ತು."

ನಾನು ಆಗಲೂ ಅರ್ಜಿ ತೆಗೆದೆ. ಯಾಕೆ ತೆಗೆದೆನೋ, ಇವತ್ತಿಗೂ ನನಗೆ ನಾಚಿಕೆ. "ಸುಮ್ನೆ ಹಾಕಿರು. ತಿಂಗ್ಳಾದ್ಮೇಲೆ ಬೇಡ ಅನ್ಸಿದ್ರೆ ಬರಬಹುದು" ಎಂದೆ. ರೇಣು ಅದನ್ನು ಇಸಿದುಕೊಂಡಳು. ಮೊದಲ ಬಾರಿಗೆ, ಬಾಗಿಲ ಬೆಳಕಿಗೆ ಹಿಡಿದು, ಮೇಲಿನಿಂದ ಕೆಳಗಿನವರೆಗೆ ಓದಿದಳು.

"ಇತಿಹಾಸ, ಅರ್ಥಶಾಸ್ತ್ರ... ಲೇ, ನಾನು ಸೈನ್ಸ್ ಕಣೇ!"

ಅದು ನಿಜ. ನಾನೂ ಗೌತಮಿಯೂ ಪಿಯುಸಿಯಲ್ಲಿ ಕಲಾ ವಿಭಾಗ, ರೇಣು ವಿಜ್ಞಾನ. ಮೂವರೂ ಒಂದೇ ತರಗತಿಯಲ್ಲಿ ಕೂರಬೇಕೆಂದು ನಾನು ಅವಳಿಗೂ ನನ್ನ ವಿಷಯಗಳನ್ನೇ ಬರೆದಿದ್ದೆ. ಕೇಳಿರಲಿಲ್ಲ. ಕೇಳಬೇಕೆಂದು ಹೊಳೆದೂ ಇರಲಿಲ್ಲ. ರೇಣು ಮೊದಲು ಜೋರಾಗಿ ನಕ್ಕಳು. ಮಾವನೂ ಏನೆಂದು ತಿಳಿಯದೆ ನಕ್ಕರು. ನಗು ನಿಂತ ಮೇಲೆ ಅವಳು ಕಾಗದವನ್ನು ಮೊದಲಿನ ಮಡಿಕೆಗೇ ಮಡಿಚಿ ನನಗೆ ಕೊಟ್ಟಳು. ಕುರ್ತಾದ ಜೇಬಿನಿಂದ ಆ ಬಸ್ಸಿನ ಚೀಟಿಯನ್ನೂ ತೆಗೆದು ಕೊಟ್ಟಳು.

"ಇದನ್ನೂ ಇಟ್ಕೋ. ನಿನ್ನ ಬುಕ್ಕಿಗೆ."

ಡ್ರೈವರ್ ಹಾರನ್ ಹೊಡೆದ. ಓಡಿಬಂದು ಹತ್ತಿದೆವು. ಬಸ್ಸು ತಿರುಗುವಾಗ ಹಿಂದಿನ ಗಾಜಿನಿಂದ ನೋಡಿದೆ. ರೇಣು ಆಗಲೇ ನಮಗೆ ಬೆನ್ನು ಮಾಡಿ, ಚೀಲವನ್ನು ಮೂಲೆಯಲ್ಲಿಟ್ಟು ಕೂರುತ್ತಿದ್ದಳು. ಅವಳು ಬಾಗಿಲಲ್ಲಿ ನಿಂತು ಕೈ ಬೀಸಿದಳೆಂದು ಗೌತಮಿ ಆಣೆ ಮಾಡುತ್ತಾಳೆ. ದಿನಚರಿಯಲ್ಲಿ ಎರಡೂ ಇಲ್ಲ. "ಬಸ್ಸು 5.20ಕ್ಕೆ ಬಿಟ್ಟಿತು" ಎಂದಷ್ಟೇ ಇದೆ.

ಬೀರೂರು ಹತ್ತಿರವಾದಾಗ ಗೌತಮಿ ಮೆಲ್ಲಗೆ ಕೇಳಿದಳು: "ಅವ್ಳ ಸೈನು ನಿಂಗೆ ಬರುತ್ತಲ್ಲ?"

ಬರುತ್ತಿತ್ತು. ಅವಳು ಗೈರಾದ ದಿನಗಳಲ್ಲಿ ಲೈಬ್ರರಿಯ ಪುಸ್ತಕಕ್ಕೆ ನಾನೇ ಹಾಕುತ್ತಿದ್ದೆ. ಪೆನ್ನು ತೆಗೆದೆ, ಕಾಗದವನ್ನು ಮಂಡಿಯ ಮೇಲೆ ಹರಡಿದೆ. ಹಾಕಲಿಲ್ಲ. ರಸ್ತೆ ಕೆಟ್ಟಿದ್ದರಿಂದ ಕೈ ನಿಲ್ಲಲಿಲ್ಲ ಎಂದು ಆ ರಾತ್ರಿ ಬರೆದುಕೊಂಡಿದ್ದೇನೆ. ಅದು ಸುಳ್ಳು. ಬೀರೂರಿನಿಂದ ಕಡೂರಿಗೆ ರಸ್ತೆ ಚೆನ್ನಾಗಿಯೇ ಇತ್ತು. ಪೆನ್ನು ಹಿಡಿದಾಗಲೆಲ್ಲ, "ನೀನ್ ಹೇಳವ್ವ" ಎಂದು ಕಂಡಕ್ಟರ್ ನನ್ನನ್ನು ದಾಟಿ ಅವಳನ್ನು ಕೇಳಿದ್ದು ಕಿವಿಯಲ್ಲಿತ್ತು.

ಕಡೂರಿನಲ್ಲಿ ಇಳಿದಾಗ ಸಂಜೆ ಆರೂವರೆ. ಗೌತಮಿಗೆ ಸಖರಾಯಪಟ್ಟಣದ ಬಸ್ಸು ಎದುರಿಗೇ ನಿಂತಿತ್ತು, ಹತ್ತಿ ಕೂತಳು. ರೇಣು ದಿನವೂ ಹತ್ತುತ್ತಿದ್ದ ಹಿರೇನಲ್ಲೂರಿನ ಬಸ್ಸೂ ಪಕ್ಕದಲ್ಲೇ ಇತ್ತು. ಅದು ಹೊರಡುವವರೆಗೂ ನಿಂತು ನೋಡಿ ಮನೆಗೆ ನಡೆದೆ. ಮರುದಿನ ಎರಡು ಅರ್ಜಿ ಕೊಟ್ಟೆವು.

ಕಳೆದ ತಿಂಗಳು ಹಾಸ್ಟೆಲಿನ ನೀರಿನ ಮೋಟರ್ ಕೆಟ್ಟಾಗ, ನೆಪ ಸಿಕ್ಕಿತೆಂದು ರೇಣುವಿಗೆ ಫೋನ್ ಮಾಡಿದೆ. ಹೇಗಿದ್ದೀಯ ಎಂದು ಕೇಳುವ ಮೊದಲೇ ಅವಳು, "ಸುಟ್ಟ ವಾಸನೆ ಬಂತಾ, ಸದ್ದು ಬಂತಾ, ಸರಿಯಾಗಿ ಹೇಳೇ" ಎಂದು ಗದರಿದಳು. ನನಗೆ ಗೊತ್ತಿರಲಿಲ್ಲ. ಹೋಗಿ ಕೇಳಿಕೊಂಡು ಬಂದು ಹೇಳಿದೆ.

ಇದನ್ನು ಬರೆಯಲು ದಿನಚರಿ ತೆರೆದಾಗ ಅರ್ಜಿ ಹಾಗೆಯೇ ಇತ್ತು. ಅವಳ ಹೆಸರು, ಫೋಟೊ, ನಾನು ಆರಿಸಿದ ವಿಷಯಗಳು, ಎಲ್ಲ ಕಪ್ಪಾಗಿ ನಿಚ್ಚಳವಾಗಿವೆ. ಸಹಿಯ ಗೆರೆಯ ಮೇಲೆ ಏನೂ ಇಲ್ಲ. ಅದರ ಹಿಂದೆ ಕೊನೆಯ ಬಸ್ಸಿನ ಮೂರು ಚೀಟಿ. ಮೆಷಿನ್ನಿನ ಅಚ್ಚು ಪೂರ್ತಿ ಅಳಿಸಿಹೋಗಿ ಬಿಳಿಯಾಗಿವೆ. ಕಿಟಕಿಯ ಬಿಸಿಲಿಗೆ ಹಿಡಿದು, ಓರೆ ಮಾಡಿ ನೋಡಿದೆ. ಅಜ್ಜಂಪುರ ಯಾವುದೆಂದು ತಿಳಿಯಲಿಲ್ಲ.