ಬೇಗ ಒಡೆಯುತ್ತಿದ್ದ ಆಮ್ಲ

ಭಕ್ತ ಬಂಧುಗಳೇ, ನನ್ನ ಕಷ್ಟ ಕಾಯಿಲೆಯದಲ್ಲ, ಒಂದು ಬಿಳಿ ಪುಡಿಯದು. ಅದರಿಂದ ಪಾರಾದದ್ದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕೋ ನನಗೆ ಇನ್ನೂ ಪೂರ್ತಿ ತಿಳಿದಿಲ್ಲ.

ನಾನು ಕುಂಭಾರಿ ಹಳ್ಳಿಯವಳು, ಸೋಲಾಪುರದಲ್ಲಿ ರಸಾಯನಶಾಸ್ತ್ರದ ಪಿಎಚ್‌ಡಿ ಮಾಡುತ್ತಿದ್ದೇನೆ. ಮ್ಯಾಲೋನಿಕ್ ಆಮ್ಲದ ಪುಡಿ ಕಾಯಿಸಿದರೆ ಒಡೆದು ಗ್ಯಾಸಾಗಿ ಹೋಗುತ್ತದೆ. ಅದಕ್ಕೆ ಲೋಹದ ಆಕ್ಸೈಡುಗಳನ್ನು ಬೆರೆಸಿದರೆ ಎಷ್ಟು ಬೇಗ ಒಡೆಯುತ್ತದೆ ಎಂದು ಅಳೆಯುವುದು ನನ್ನ ಕೆಲಸ. ಆದರೆ ಏನೂ ಬೆರೆಸದ ಬರೀ ಆಮ್ಲವೇ ಬೇಗ ಒಡೆಯತೊಡಗಿತು. ಪುಡಿ ಕಾಯಿಸುವ ಬಟ್ಟಲು ಬದಲಿಸಿದೆ, ಹೊಸ ಬಾಟಲಿ ತರಿಸಿದೆ. ಜೊತೆಯ ಹುಡುಗಿ ಮಾಡಿದರೆ ಸರಿ ಬರುತ್ತಿತ್ತು, ನಾನು ಮಾಡಿದರೆ ಇಲ್ಲ. ತಲೆ ಕೆಟ್ಟುಹೋಯಿತು. ದೀಪಾವಳಿಯೊಳಗೆ ಕಾರಣ ಸಿಗದಿದ್ದರೆ ಈ ವಿಷಯ ಬಿಟ್ಟು ಮೊದಲಿನಿಂದ ಶುರು ಮಾಡಬೇಕೆಂದು ಗೈಡ್ ಹೇಳಿಬಿಟ್ಟರು.

ಅವ್ವ ದಿನಾ ಬೆಳಿಗ್ಗೆ ಅಕ್ಕಲಕೋಟದ ಸ್ವಾಮಿಗಳ ಅಂಗಾರ, ಆ ಪವಿತ್ರ ಬೂದಿಯನ್ನು, ಹಣೆಗೆ ಹಚ್ಚಿ ಕಳಿಸುತ್ತಿದ್ದಳು. ನನ್ನ ಮುಖ ಬಾಡಿದಷ್ಟೂ ಅಂಗಾರ ದಪ್ಪವಾಗುತ್ತಿತ್ತು. ಆಮ್ಲ ಮಾತ್ರ ಇನ್ನೂ ಬೇಗ ಒಡೆಯುತ್ತಿತ್ತು.

ಒಂದು ಗುರುವಾರ ಕಾಲೇಜಿಗೆ ಹೋಗದೆ ಅಕ್ಕಲಕೋಟದ ಎಸ್‌ಟಿ ಬಸ್ಸು ಹತ್ತಿದೆ. ಸ್ವಾಮಿಗಳ ಗುಡಿಯ ಸರದಿಯಲ್ಲಿ ನಿಂತರೂ ಏನು ಬೇಡಬೇಕೆಂದೇ ತೋಚಲಿಲ್ಲ.

"ಸ್ವಾಮೀ, ತಪ್ಪು ಎಲ್ಲೈತಿ ತೋರಸ್ರಿ," ಎಂದಷ್ಟೇ ಅಂದೆ.

ದರ್ಶನವಾದ ಮೇಲೆ ಹಣೆಗೆ ಅಂಗಾರ ಹಚ್ಚಿಕೊಂಡು ಅಂಗಳದಲ್ಲಿ ಕೂತೆ. ಮೊಬೈಲಿನಲ್ಲಿದ್ದ ಗ್ರಾಫ್ ನೋಡಲು ಬಗ್ಗಿದೆ. ಕಪ್ಪು ಪರದೆಯ ಮೇಲೆ ಬೂದಿಯ ಕಣ ಉದುರಿತು. ಒರೆಸಿ ಮತ್ತೆ ಬಗ್ಗಿದೆ, ಮತ್ತೆ ಉದುರಿತು. ಲ್ಯಾಬಿನ ತಕ್ಕಡಿಯ ಮುಂದೆಯೂ ನಾನು ಹೀಗೆಯೇ ಬಗ್ಗುತ್ತೇನೆ. ಬಟ್ಟಲಲ್ಲಿರುವುದು ಕೆಲವೇ ಮಿಲಿಗ್ರಾಂ ಪುಡಿ. ಬೂದಿಯಲ್ಲಿ ಕ್ಷಾರವಿದೆ, ಕ್ಷಾರ ತಗುಲಿದರೆ ಆಮ್ಲ ಬೇಗ ಒಡೆಯುತ್ತದೆ.

ಮರುದಿನ ಹಣೆ ತೊಳೆದು ಪುಡಿ ತೂಗಿ ಕಾಯಿಸಿದೆ, ಸರಿ ಬಂತು. ಬೇಕೆಂದೇ ಚಿಟಿಕೆ ಅಂಗಾರ ಬೆರೆಸಿದೆ, ಬೇಗ ಒಡೆಯಿತು. ಗೈಡ್ ನಕ್ಕು, ಕೆಲಸ ಮುಂದುವರಿಸಲು ಹೇಳಿದರು. ನನಗೆ ಅಳು ಬಂತು. ಕೆಡಿಸಿದ್ದೂ ಸ್ವಾಮಿಗಳ ಅಂಗಾರ, ತೋರಿಸಿದ್ದೂ ಅದೇ. ನಾನು ಯಾವುದಕ್ಕೆ ಕೈ ಮುಗಿಯಲಿ?

ಮನೆಯಲ್ಲಿ ಎಲ್ಲವನ್ನೂ ಹೇಳಿದೆ. ಅವ್ವ ನಗಲಿಲ್ಲ. ಬೆಳಿಗ್ಗೆ ಅಂಗಾರದ ಡಬ್ಬಿ ಹಿಡಿದು ಬಂದವಳು ನನ್ನ ಹಣೆಯ ಹತ್ತಿರ ಕೈ ತಂದು ನಿಲ್ಲಿಸಿದಳು.

"ನನ್ನ ಕೈಲೇ ಕೆಟ್ಟಿತೇನವಾ ನಿನ್ನ ಕೆಲಸ?"

ಆ ಕೈ ಹಿಂದಕ್ಕೆ ಹೋಗುವುದನ್ನು ನೋಡಲಾಗಲಿಲ್ಲ. ಹಿಡಿದು ನನ್ನ ಕೊರಳ ಕೆಳಗೆ ಇಟ್ಟುಕೊಂಡೆ.

"ಇನ್ನ ಇಲ್ಲಿ ಹಚ್ಚವ್ವಾ. ಇಲ್ಲಿಂದ ಉದುರೂದಿಲ್ಲ."

ಈಗ ದಿನಾ ಅಲ್ಲೇ ಹಚ್ಚುತ್ತಾಳೆ. ನನ್ನ ಗೊಂದಲ ಹಾಗೆಯೇ ಇದೆ ಸ್ವಾಮೀ, ನಂಬಿಕೆ ಮಾತ್ರ ಗಟ್ಟಿಯಾಗಿದೆ.