ಮಳೆಗಾಲದಲ್ಲಿ ಹಸಿಯುವ ತೊಟ್ಟಿ

ಬಾಳೂರು ಬಳಿಯ ಎಸ್ಟೇಟೊಂದರಲ್ಲಿ ಬೆಳಗಿನ ಆರು ಗಂಟೆ. ಮಳೆಗೆ ಎಲೆಯ ಗೊರಬು ಹೊದ್ದ ಬೊಮ್ಮಯ್ಯ ಸೆಗಣಿ ಬಕೆಟ್ ಹಿಡಿದು ಇಳಿಜಾರು ಇಳಿಯುತ್ತಾರೆ. ಮುಚ್ಚಿದ ಸಿಮೆಂಟ್ ತೊಟ್ಟಿಯ ಪಕ್ಕ ಕೂತು, ಸೆಗಣಿಯನ್ನು ಬರಿಗೈಯಲ್ಲಿ ಕದಡಿ, ಕಸಕಡ್ಡಿ ಆರಿಸಿ ಒಳಗೆ ಸುರಿಯುತ್ತಾರೆ. ಆಮೇಲೆ ಗೊರಬಿನ ಮರೆಯಲ್ಲಿ ತೊಟ್ಟಿಯಿಂದ ಗ್ಯಾಸ್ ಬರುವ ಕೊಳವೆಯ ಬಾಯಿಗೆ ಬೆಂಕಿಕಡ್ಡಿ ಗೀರಿ ಹಿಡಿಯುತ್ತಾರೆ. ಇವತ್ತೂ ಹತ್ತಿಕೊಳ್ಳುವುದಿಲ್ಲ.

"ಗ್ಯಾಸ್ ಇಲ್ಲ ಅಂದ್ರೆ ಒಳಗಿರೋವು ಸಾಯ್ತಾ ಇದಾವೆ ಅಂತ" ಎನ್ನುತ್ತಾರೆ.

ಒಳಗಿರುವುದು ಕಣ್ಣಿಗೆ ಕಾಣದ ಜೀವಾಣುಗಳು. ಕಾಫಿ ಹಣ್ಣನ್ನು ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರಕ್ಕೆ ಹಾಕಿ ತೊಳೆದ ಕೊಳಕು ನೀರನ್ನು ಇವು ತಿಂದು ತಿಳಿಯಾಗಿಸುತ್ತವೆ, ಒಲೆಗೆ ಗ್ಯಾಸನ್ನೂ ಕೊಡುತ್ತವೆ. ತಂತ್ರ ಹಾಲೆಂಡಿನದು. ಇಲ್ಲಿಗೆ ಬಂದು ಐದು ವರ್ಷವಾಯಿತು. ಅಲ್ಲಿಯ ಕಾರ್ಖಾನೆಗಳು ವರ್ಷವಿಡೀ ನಡೆಯುವುದರಿಂದ ಜೀವಾಣುಗಳಿಗೆ ಉಪವಾಸವೆಂಬುದಿಲ್ಲ. ನಮ್ಮಲ್ಲಿ ಪಲ್ಪಿಂಗ್ ಮೂರೇ ತಿಂಗಳು. ಉಳಿದ ಒಂಬತ್ತು ತಿಂಗಳು ಅವುಗಳ ಹೊಟ್ಟೆಗೇನು? ಯೋಜನೆ ತಂದ ಬುದ್ಧಿವಂತರಿಗೆ ಇದು ಹೊಳೆದಿರಲಿಲ್ಲ. ಪುಣ್ಯಾತ್ಮರು ಬಂದದ್ದೆಲ್ಲ ಡಿಸೆಂಬರ್ ಬಿಸಿಲಿನಲ್ಲಿ, ಫೋಟೊ ತೆಗೆಸಿಕೊಂಡು ಹೋದರು. ಮೊದಲ ಮಳೆಗಾಲದಲ್ಲೇ ತೊಟ್ಟಿ ಸತ್ತಿತು. ದಿನಕ್ಕೆ ಹತ್ತು ಬಕೆಟ್ ಸೆಗಣಿ ಉಣ್ಣಿಸಿದರೆ ಬದುಕುತ್ತದೆ ಎಂದು ಕಂಡುಕೊಂಡವರು ಶಾಲೆಯ ಮೆಟ್ಟಿಲು ಹತ್ತದ ಬೊಮ್ಮಯ್ಯ.

ಅವರಿಗೆ ಯಾಕೆ ಈ ಹಟ? ತೊಟ್ಟಿ ಬರುವ ಮೊದಲು ಪಲ್ಪರ್ ನೀರು ನೇರ ಹಳ್ಳಕ್ಕೆ ಬೀಳುತ್ತಿತ್ತು. ಬೊಮ್ಮಯ್ಯನವರದೂ ಸೇರಿ ಕೆಳಗಿನ ಕೂಲಿ ಲೈನಿನ ಹದಿನಾಲ್ಕು ಮನೆಯವರು ಕುಡಿಯುವುದು ಅದೇ ಹಳ್ಳದ ನೀರು. ಆಗ ಒಂದು ಜನವರಿಯಲ್ಲಿ ಬೊಮ್ಮಯ್ಯನವರ ಎರಡು ವರ್ಷದ ಮಗಳು ವಾಂತಿಭೇದಿಯಿಂದ ತೀರಿಹೋದಳು. ನೀರಿನಿಂದಲೇ ಎಂದು ಯಾರೂ ಬರೆದುಕೊಡಲಿಲ್ಲ.

"ಬರೆದು ಕೊಡೋದೆಂತಕ್ಕೆ? ಹಳ್ಳ ಕರ್ರಗಾಗಿದ್ದು ನಾವು ನೋಡಿದೀವಲ್ಲ" ಎನ್ನುತ್ತಾರೆ ಹೆಂಡತಿ ಭಾಗಮ್ಮ.

ಈಗ ಕಾಫಿ ಬೆಲೆ ನೆಲಕಚ್ಚಿದೆ. ಎಸ್ಟೇಟಿನ ಸಾಹುಕಾರರು ಕೊಟ್ಟಿಗೆಯ ದನಗಳನ್ನೆಲ್ಲ ಮಾರಿದ್ದಾರೆ, ಮಳೆಗಾಲದ ಕೆಲಸವನ್ನೂ ನಿಲ್ಲಿಸಿದ್ದಾರೆ. ಬೊಮ್ಮಯ್ಯ ಸಂಬಳವಿಲ್ಲದೆ ಊರ ಕೊಟ್ಟಿಗೆಗಳಲ್ಲಿ ಬೇಡಿ ತರುವುದು ದಿನಕ್ಕೆ ಮೂರೇ ಬಕೆಟ್. ಅದು ಸಾಲದೆಂದು ಅವರಿಗೇ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ತೊಟ್ಟಿ ಸತ್ತರೆ ಡಿಸೆಂಬರಿನಲ್ಲಿ ಆ ನೀರು ಮತ್ತೆ ಹಳ್ಳಕ್ಕೇ. ಆದರೂ ಬೆಳಗಾದರೆ ಬಕೆಟ್ ಹಿಡಿದು ಹೊರಡುವ ಇವರನ್ನು ನೋಡಿದರೆ ಸಂಕಟವಾಗುತ್ತದೆ.

ಸಾಹುಕಾರರ ಹತ್ತಿರ ಏನು ಕೇಳುತ್ತೀರಿ ಎಂದರೆ, ಬೊಮ್ಮಯ್ಯ ಕೈ ತೊಳೆಯುತ್ತ ಹೇಳುತ್ತಾರೆ:

"ದನ ತನ್ನಿ ಅನ್ನಲ್ಲ, ಅವ್ರಿಗೂ ಕಷ್ಟ. ಪಲ್ಪರ್ ಶುರು ಮಾಡೋ ಹಿಂದಿನ ದಿನ ಒಂದು ಮಾತು ಹೇಳಿ ಕಳಿಸ್ಲಿ, ಸಾಕು. ಹಳ್ಳ ಕೆಡೋ ಮುಂಚೆ ಕೊಡಪಾನ ಎಲ್ಲ ತುಂಬಿಸಿ ಇಟ್ಕೊಳ್ತೀವಿ."