ಬೊಟ್ಟಿಲ್ಲದ ಡಿಸ್ಕು

ಆದೋನಿಯ ಉದಯ ಡಿಜಿಟಲ್ ಸ್ಟುಡಿಯೊದ ಬೋರ್ಡಿನ ಮೇಲೆ ಉದಯಕುಮಾರನ ಫೋಟೊ ಇದೆ, ಅವನ ಹೆಗಲ ಮೇಲೆ ಕ್ಯಾಮೆರಾ ಇದೆ, ಹಿಂದೆ ಹಾರುತ್ತಿರುವ ಎರಡು ಪಾರಿವಾಳಗಳೂ ಇವೆ. ಇಲ್ಲದಿರುವವಳು ಅವನ ಹೆಂಡತಿ ತ್ರಿವೇಣಿ. ಮನೆಯ ಮುಂದಿನ ಕೋಣೆ ಸ್ಟುಡಿಯೊ, ಹಿಂದಿನದು ಅಡುಗೆಮನೆ. ನಡುವೆ ಒಂದು ಬಾಗಿಲು, ಅದರ ಹೊಸ್ತಿಲು ಸವೆದದ್ದು ಆಕೆಯ ಕಾಲಿಗೆ. ಅವನು ಮದುವೆಗಳನ್ನು ಚಿತ್ರೀಕರಿಸಿ ತರುತ್ತಾನೆ. ಅವನ್ನು ಕತ್ತರಿಸುವುದು, ಜೋಡಿಸುವುದು, ಹಾಡು ಕೂಡಿಸುವುದು, ಅತ್ತ ಹೆಣ್ಣಿನ ಕಡೆಯವರು ಇತ್ತ ಗಂಡಿನ ಕಡೆಯವರು ಯಾರೂ ಮುನಿಯದಂತೆ ಎಲ್ಲರ ಮುಖಗಳನ್ನೂ ಸೇರಿಸುವುದು ಆಕೆಯ ಕೆಲಸ. “ನಮ್ಮ ಮನ್ಯಾಗ ಸ್ವಲ್ಪ ಹೆಲ್ಪ್ ಮಾಡ್ತಾರ” ಎಂದು ಉದಯಕುಮಾರ ಗಿರಾಕಿಗಳಿಗೆ ಹೇಳುತ್ತಾನೆ.

ಕೆಲವು ವರ್ಷಗಳ ಹಿಂದೆ ಸಿ. ಬೆಳಗಲ್ ಕಡೆಯ ಒಂದು ಮದುವೆ ಹಾರ್ಡ್ ಡಿಸ್ಕಿನೊಳಗೇ ಕಳೆದುಹೋಗಿತ್ತು. ಡಿಸ್ಕು ಕೆಟ್ಟಿದ್ದು ಯಾರಿಗೂ ತಿಳಿದಿರಲಿಲ್ಲ. ಹುಡುಗಿಯ ತಾಯಿ ವೆಂಕಮ್ಮ ಬಂದ ದಿನ ಉದಯಕುಮಾರ ಗುಂತಕಲ್ಲಿನಲ್ಲಿ ಕೆಲಸವಿದೆಯೆಂದು ಬೈಕು ಹತ್ತಿದ. ಬಾಗಿಲಲ್ಲಿ ಕೂತ ವೆಂಕಮ್ಮನಿಗೆ ಉತ್ತರ ಹೇಳಬೇಕಾದವಳು ತ್ರಿವೇಣಿಯೇ. ಮಗಳ ಮದುವೆಯಾದ ಮೂರು ತಿಂಗಳಿಗೆ ವೆಂಕಮ್ಮನ ಗಂಡ ತೀರಿಕೊಂಡಿದ್ದ.

“ಎಲ್ಲಾ ಬ್ಯಾಡವ್ವ. ನಮ್ಮ ಯಜಮಾನ್ರು ಧಾರಿ ಎರದದ್ದು, ಅಷ್ಟ ತೋರ್ಸು. ಅಷ್ಟರ ಉಳದಿರ್ಬೇಕಲ್ಲ?”

ಉಳಿದಿರಲಿಲ್ಲ. ತ್ರಿವೇಣಿ ಕೊಟ್ಟ ಚಹಾವನ್ನು ವೆಂಕಮ್ಮ ಕುಡಿಯಲಿಲ್ಲ, ಬಯ್ಯಲೂ ಇಲ್ಲ. ಎದ್ದು ಸೆರಗು ಕೊಡವಿಕೊಂಡು ಹೋದಳು. ಬೈದಿದ್ದರೆ ಒಳ್ಳೆಯದಿತ್ತು ಎಂದು ತ್ರಿವೇಣಿಗೆ ಈಗಲೂ ಅನ್ನಿಸುತ್ತದೆ.

ಕಂಪ್ಯೂಟರ್ ವಿಷಯ ತೆಗೆದುಕೊಂಡು ಬಿಎಸ್ಸಿ ಮಾಡಿದ್ದ ಆಕೆಯ ಸರ್ಟಿಫಿಕೇಟು ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗಿತ್ತು. ಓದಿದ್ದನ್ನು ಮಾತ್ರ ಆಕೆ ಹೊರಗೆ ತೆಗೆದಳು. ಮೂಲೆಗೆ ಬಿದ್ದಿದ್ದ ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿದಳು. ಒಂದು ಕಡೆ ಹೆಂಚಿನ ಮೇಲೆ ರೊಟ್ಟಿ ಬೇಯುತ್ತಿದ್ದರೆ ಇನ್ನೊಂದು ಕಡೆ ಫೋನಿನಲ್ಲಿ ವಿಡಿಯೊ ನೋಡಿ ಕಮಾಂಡುಗಳನ್ನು ಕಲಿತಳು. ಅದರಲ್ಲಿ ಬ್ಯಾಡ್‌ಬ್ಲಾಕ್ಸ್ ಎಂಬುದೊಂದು. ಕಪ್ಪು ಪರದೆಯ ಮೇಲೆ ಒಂದು ಸಾಲು ಟೈಪ್ ಮಾಡಿ ಎಂಟರ್ ಒತ್ತಿದರೆ ಅದು ಡಿಸ್ಕಿನ ಒಂದೊಂದು ಜಾಗಕ್ಕೂ ಹೋಗುತ್ತದೆ. ಅಲ್ಲಿರುವುದನ್ನು ಓದಿ ಎತ್ತಿಟ್ಟುಕೊಳ್ಳುತ್ತದೆ, ಆ ಜಾಗದಲ್ಲಿ ತನ್ನದೊಂದು ಗುರುತು ಬರೆದು ಅದು ಸರಿಯಾಗಿ ಉಳಿಯಿತೇ ಎಂದು ಮತ್ತೆ ಓದುತ್ತದೆ, ಕೊನೆಗೆ ಮೊದಲಿದ್ದದ್ದನ್ನು ಇದ್ದಂತೆಯೇ ವಾಪಸ್ಸು ಇಡುತ್ತದೆ. ಡಬ್ಬಿಗಳನ್ನೆಲ್ಲ ಇಳಿಸಿ, ಗೂಡಿನ ಹಲಗೆ ಒರೆಸಿ, ಮತ್ತೆ ಅದದೇ ಜಾಗದಲ್ಲಿ ಇಟ್ಟ ಹಾಗೆ. ಹೊರಗಿನಿಂದ ಬಂದವರ ಕಣ್ಣಿಗೆ ಏನೂ ನಡೆದಿಲ್ಲ. ಒಂದು ಡಿಸ್ಕು ಪೂರ್ತಿ ಮುಗಿಯಲು ಎರಡು ದಿನವಾದರೂ ಬೇಕು. ನಡುವೆ ಕರೆಂಟು ಹೋದರೆ ಮೊದಲಿನಿಂದ ಶುರು.

ಪಾಸಾದ ಡಿಸ್ಕಿನ ಮೇಲೆ ಚೀಟಿ ಬರೆದು ಅಂಟಿಸುತ್ತಿದ್ದಳು. ಚೀಟಿ ಓದುವಷ್ಟು ಪುರುಸೊತ್ತು ಗಂಡನಿಗಿರಲಿಲ್ಲ. ಕೊನೆಗೆ ತನ್ನ ಹಣೆಗಿಡುವ ಸ್ಟಿಕ್ಕರಿನ ಪಾಕೀಟನ್ನೇ ಕಂಪ್ಯೂಟರಿನ ಪಕ್ಕ ಇಟ್ಟುಕೊಂಡಳು. ಒಳ್ಳೆಯ ಡಿಸ್ಕಿಗೆ ಕೆಂಪು ಬೊಟ್ಟು, ಕೆಟ್ಟದ್ದಕ್ಕೆ ಇಲ್ಲ. ಇದು ಅವನಿಗೂ ತಿಳಿಯಿತು.

ಈ ಸಲದ ದೀಪಾವಳಿಗೆ ಮುಂಚೆ ಒಂದೇ ಬಗೆಯ ನಾಲ್ಕು ಡಿಸ್ಕುಗಳಿದ್ದವು. ಮೂರು ಪಾಸಾಗಿದ್ದವು. ನಾಲ್ಕನೆಯದು ಶುರುವಾದ ಸ್ವಲ್ಪ ಹೊತ್ತಿಗೇ ತಪ್ಪುಗಳನ್ನು ತೋರಿಸತೊಡಗಿತು. ಅದನ್ನು ಬೇರೆ ಎತ್ತಿಡಬೇಕು ಅನ್ನುವಷ್ಟರಲ್ಲಿ “ನೀರು ಬಂತು!” ಎಂದು ಓಣಿಯೆಲ್ಲ ಕೂಗಿತು. ಬೊಟ್ಟಿಲ್ಲವಲ್ಲ, ಗುರುತು ಸಿಗುತ್ತದೆ ಎಂದುಕೊಂಡು ಆಕೆ ಮೇಜಿನ ಮೇಲೆಯೇ ಬಿಟ್ಟು ಕೊಡಗಳತ್ತ ಓಡಿದಳು.

ಮರುದಿನ ಸಂಜೆ ಸ್ಟುಡಿಯೊದಲ್ಲಿ ಲಕ್ಷ್ಮೀಪೂಜೆ. ನಾದಿನಿ ಶೋಭಾರಾಣಿ ಗಂಡ ಮಕ್ಕಳೊಂದಿಗೆ ಹಬ್ಬಕ್ಕೆ ಬಂದಿದ್ದಳು. ಮಧ್ಯಾಹ್ನವೆಲ್ಲ ಹೋಳಿಗೆ ತಟ್ಟಿದ್ದ ತ್ರಿವೇಣಿ ಆರತಿ ತಟ್ಟೆ ಹಿಡಿದು ಮುಂದಿನ ಕೋಣೆಗೆ ಬಂದವಳು ಹೊಸ್ತಿಲಲ್ಲೇ ನಿಂತಳು. ಕ್ಯಾಮೆರಾ, ಲೈಟು, ಟ್ರೈಪಾಡುಗಳ ಮುಂದೆ ನಾಲ್ಕು ಡಿಸ್ಕುಗಳು ಸಾಲಾಗಿದ್ದವು. ನಾಲ್ಕಕ್ಕೂ ಕೆಂಪು ಬೊಟ್ಟು.

“ಇದಕ್ಕ ಯಾರು ಹಚ್ಚಿದ್ರು?”

“ನಾನ,” ಅಂದಳು ಅತ್ತೆ ಎರ್ರಮ್ಮ. ಧೂಳು ಒರೆಸಿ, ಹೂವಿಟ್ಟು, ಜೋಡಿಸಿ ಸುಸ್ತಾಗಿದ್ದಳು. “ಮೂರಕ್ಕ ಇತ್ತು, ಒಂದು ಬೋಳು ಇತ್ತು. ಹಬ್ಬದ ದಿನ ಲಕ್ಷ್ಮಿ ಮುಂದ ಬೋಳ ಹಣಿ ಇಡ್ತಾರೇನ? ಈ ಮನ್ಯಾಗ ನಾನೊಬ್ಬಾಕಿ ಇದ್ರ ಸಾಕು.”

ಮಾವ ತೀರಿಕೊಂಡ ಮೇಲೆ ಎರ್ರಮ್ಮ ಬರೀ ವಿಭೂತಿ ಹಚ್ಚುತ್ತಾಳೆ. ತ್ರಿವೇಣಿ ನಾಲ್ಕನ್ನೂ ಒಂದೊಂದಾಗಿ ನೋಡಿದಳು, ಎಲ್ಲವೂ ಒಂದೇ ಥರ ಕಂಡವು.

“ನೀ ಕುಂಕುಮ ಮುಟ್ಟಬಾರದಿತ್ತಲ್ಲ ಯವ್ವಾ,” ಎಂದು ಶೋಭಾರಾಣಿ ನಕ್ಕಳು.

“ಕುಂಕುಮ ಮುಟ್ಟಿಲ್ಲ. ಸ್ಟಿಕ್ಕರ್ ಅಂಟಿಸೀನಿ. ಸ್ಟಿಕ್ಕರಿಗೆ ಯಾವ ಶಾಸ್ತ್ರ ಐತಿ, ಹೇಳು ನೋಡೂಣು?”

ಎಲ್ಲರೂ ನಕ್ಕರು. ನಾಲ್ಕರಲ್ಲಿ ಕೆಟ್ಟದ್ದು ಯಾವುದು ಎಂಬ ಮಾತು ಅಲ್ಲಿಗೆ ಮುಗಿಯಿತು.

ಕಾರ್ತಿಕ ಹತ್ತಿತು. ಬರುವ ಗುರುವಾರ ಒಂದೇ ಮುಹೂರ್ತಕ್ಕೆ ಎರಡು ಮದುವೆ. ಹೊಳಗುಂದಕ್ಕೆ ಜೊತೆಯ ಕ್ಯಾಮೆರಾದವನು ಹರೀಶ ಹೋಗುವುದು, ಪೆದ್ದಕಡುಬೂರಿನ ನರಸಣ್ಣನ ಮಗಳ ಮದುವೆಗೆ ಉದಯಕುಮಾರನೇ ಹೋಗುವುದು. ತುಂಬಿದ ಮೆಮೊರಿ ಕಾರ್ಡುಗಳನ್ನು ಅಲ್ಲಲ್ಲೇ ಡಿಸ್ಕಿಗೆ ಇಳಿಸಿ, ಅಳಿಸಿ, ಮತ್ತೆ ಕ್ಯಾಮೆರಾಕ್ಕೆ ಹಾಕಬೇಕು. ಹೀಗಾಗಿ ಒಬ್ಬೊಬ್ಬರಿಗೆ ಎರಡು ಡಿಸ್ಕು. ಕೆಟ್ಟದ್ದು ಯಾರ ಚೀಲಕ್ಕೆ ಹೋದರೂ ಇನ್ನೊಬ್ಬ ವೆಂಕಮ್ಮ ಬಾಗಿಲಿಗೆ ಬರುತ್ತಾಳೆ.

ತ್ರಿವೇಣಿ ನಾಲ್ಕೂ ಬೊಟ್ಟುಗಳನ್ನು ಉಗುರಿನಿಂದ ಕಿತ್ತು ಮೊದಲ ಡಿಸ್ಕನ್ನು ಪರೀಕ್ಷೆಗೆ ಹಚ್ಚಿದಳು.

ಅರ್ಧ ದಿನ ನಡೆದಿತ್ತು. ಶೋಭಾರಾಣಿ ರವಿಕೆ ಇಸ್ತ್ರಿ ಮಾಡಲು ಎಕ್ಸ್‌ಟೆನ್ಷನ್ ಬೋರ್ಡು ಕಿತ್ತುಕೊಂಡು ಹೋದಳು. “ಟಿವಿ ಕರ್ರಗ ಇತ್ತಲ್ರಿ ವೈನಿ, ಯಾರೂ ನೋಡಾಕತ್ತಿಲ್ಲ ಅಂದ್ಕಂಡೆ.” ಎರಡನೆಯ ಸಲ ಎರ್ರಮ್ಮ ಸ್ವಿಚ್ಚು ಆರಿಸಿದಳು: “ಸುಮ್ನ ಉರೀತಿತ್ತು, ಕರೆಂಟ್ ದಂಡ.” ಮೂರನೆಯ ಸಲ ಉದಯಕುಮಾರನೇ, ಗಿರಾಕಿ ಬಂದಾಗ ಮೇಜು ಖಾಲಿ ಮಾಡಲೆಂದು, ಓಡುತ್ತಿದ್ದ ಡಿಸ್ಕನ್ನು ವೈರಿನ ಸಮೇತ ಎತ್ತಿ ಕಪಾಟಿಗಿಟ್ಟ.

“ಅದು ಕೆಲಸ ಮಾಡ್ತಿತ್ರಿ!”

“ಏನ್ ಕೆಲಸ? ನಂಬರ್ ಏರ್ತಿದ್ವು, ಅಷ್ಟ.”

“ಆ ನಂಬರೇ ಕೆಲಸ.”

“ಎರಡು ಚಾ ಮಾಡು, ಗಿರಾಕಿ ಕುಂತಾರ.”

ಆಕೆ ಚಹಾ ಮಾಡಿದಳು. ಕುದಿಯುವ ಪಾತ್ರೆಯ ಮುಂದೆ ನಿಂತಾಗಲೇ ಹೊಳೆಯಿತು: ಆ ದಿನ ತಪ್ಪು ಕಂಡದ್ದು ಶುರುವಿನಲ್ಲೇ, ಕಾಲು ಭಾಗ ದಾಟುವ ಮುಂಚೆ. ಹಾಗಾದರೆ ಕಮಾಂಡಿಗೆ ಎಲ್ಲಿ ನಿಲ್ಲಬೇಕೆಂದು ಹೇಳಿಬಿಟ್ಟರೆ ಆಯಿತು. ಪ್ರತಿ ಡಿಸ್ಕಿನ ಮೊದಲ ಕಾಲು ಭಾಗ ನೋಡಿದರೆ ಸಾಕು. ಇಷ್ಟನ್ನು ಯೋಚಿಸಲು ಆಕೆಗೆ ಹಬ್ಬ ಕಳೆದಾಗಿನಿಂದ ಒಲೆಯ ಮುಂದೆ ಬಿಟ್ಟರೆ ಬೇರೆ ಜಾಗ ಸಿಕ್ಕಿರಲಿಲ್ಲ.

ಎರಡು ಡಿಸ್ಕುಗಳು ಪಾಸಾದವು. ಅವಕ್ಕೆ ಬೊಟ್ಟಿಟ್ಟು ಹರೀಶನ ಚೀಲಕ್ಕೆ ಹಾಕಿದಳು. ಅವನು ಹೊಳಗುಂದಕ್ಕೆ ಹೊರಟ. ಗುರುವಾರ ಬೆಳಿಗ್ಗೆ ಮೂರನೆಯದು ಇನ್ನೂ ಓಡುತ್ತಿರುವಾಗ ಕಾರು ಬಾಗಿಲಿಗೆ ಬಂತು. ಉದಯಕುಮಾರ ಫೋನಿನಲ್ಲಿ, “ಆ ನರಸಣ್ಣಾ, ಬಯಲುದೇರಿನಾಂ ಅನ್ನಾ, ವಚ್ಚೇಸಿನಾಂ,” ಎಂದು ತೆಲುಗಿನಲ್ಲಿ ಹೊರಟಿದ್ದೇವೆ, ಬಂದೇಬಿಟ್ಟೆವು ಅನ್ನುತ್ತಲೇ ಡಿಸ್ಕಿಗೆ ಕೈ ಹಾಕಿದ.

ತ್ರಿವೇಣಿ ಅಂಗೈ ಅಡ್ಡ ಹಿಡಿದಳು. “ಇದು ಮುಗೀಲಿ. ಇನ್ನ ಸ್ವಲ್ಪ ಐತಿ.”

“ನಿನ್ನ ಸ್ವಲ್ಪ ನನಗ ಗೊತ್ತಿಲ್ಲೇನು? ಮುಹೂರ್ತ ನಿಲ್ತೈತಾ? ಒಂದ್ರಾಗ ನಡಸ್ತೀನಿ.” ಅವನು ಮೇಜಿನ ಮೇಲೆ ಉಳಿದಿದ್ದ ನಾಲ್ಕನೆಯ ಡಿಸ್ಕನ್ನು ಎತ್ತಿಕೊಂಡ.

“ಅದನ್ನ ನೋಡಿಲ್ರಿ. ಬೊಟ್ಟಿಲ್ಲ ಅದಕ್ಕ.”

ಉದಯಕುಮಾರ ಪಾಕೀಟಿನಿಂದ ಒಂದು ಸ್ಟಿಕ್ಕರು ಕಿತ್ತು, ಡಿಸ್ಕಿನ ಮೇಲೆ ಒತ್ತಿ, ಆಕೆಯ ಮುಖದ ಮುಂದೆ ಹಿಡಿದ. “ತಗೋ. ಈಗ ಐತಿ. ಪಾಸಾತು.”

ಶೋಭಾರಾಣಿಗೆ ನಗು ತಡೆಯಲಾಗಲಿಲ್ಲ. ಎರ್ರಮ್ಮ ನಗಲಿಲ್ಲ. ಕಾರು ಹೊರಟಿತು.

ತ್ರಿವೇಣಿ ಕುರ್ಚಿಯಿಂದ ಏಳಲಿಲ್ಲ. ಒಳಗೆ ಹಿಟ್ಟು ನಾದಿಟ್ಟಿದ್ದು ಹಾಗೇ ಇತ್ತು. “ವೈನಿ, ಮಕ್ಕಳಿಗೆ ಹಸಿವಾಗೇತ್ರಿ” ಎಂಬ ಮಾತು ಎರಡು ಸಲ ಬಂತು. ಮೂರನೆಯ ಸಲ ಬಂದಾಗ ಎರ್ರಮ್ಮ ಮಗಳ ಕಡೆ ತಿರುಗಿದಳು.

“ರೊಟ್ಟಿ ಬಡಿಯಾಕ ನಿನಗ ಕೈ ಇಲ್ಲೇನ? ಆಕಿ ಏನೋ ನೋಡಾಕತ್ತಾಳ.” ಅಂದವಳು ಹೋಗಿ ಸ್ವಿಚ್ಚಿನ ಕೆಳಗೆ ಗೋಡೆಗೊರಗಿ ಕೂತಳು. ಅದನ್ನು ಇನ್ನು ಯಾರೂ ಮುಟ್ಟುವ ಹಾಗಿರಲಿಲ್ಲ.

ಪರದೆಯ ಮೇಲೆ ಕೊನೆಯ ಸಾಲು ಬಂತು. ಮೂರನೆಯದರಲ್ಲಿ ತಪ್ಪಿಲ್ಲ. ಅಂದರೆ ಕೆಟ್ಟದ್ದು ಹೋಗಿಯಾಗಿದೆ, ಹಣೆಗೆ ಬೊಟ್ಟಿಟ್ಟುಕೊಂಡು, ಕಾರಿನಲ್ಲಿ.

ಫೋನು ಮಾಡಿದಳು. ಹಿಂದೆ ಡೊಳ್ಳಿನ ಗದ್ದಲ. “ಆಮ್ಯಾಲ ಮಾತಾಡ್ತೀನಿ,” ಎಂದು ಅವನು ಇಟ್ಟುಬಿಟ್ಟ. ಮತ್ತೆ ಮಾಡಿದಳು, ಎತ್ತಲಿಲ್ಲ.

“ಅತ್ತಿ, ನಾ ಪೆದ್ದಕಡುಬೂರಿಗೆ ಹೋಗಿ ಬರ್ತೀನಿ.”

ಎರ್ರಮ್ಮ ಸೊಸೆಯ ಕೈಯಲ್ಲಿದ್ದ ಡಿಸ್ಕನ್ನು ನೋಡಿದಳು. “ಅಂವ ಒಯ್ದದ್ದು ನಾ ಬೊಟ್ಟು ಹಚ್ಚಿದ್ದೇನು?”

“ಹೌದ್ರಿ ಅತ್ತಿ.”

“ಹೋಗು. ಸೀರಿ ಬದಲಿ ಮಾಡ್ತಾ ಕುಂದ್ರಬ್ಯಾಡ.”

ಹೆಂಗಸರಿಗೆ ಟಿಕೀಟಿಲ್ಲದ ಬಸ್ಸು, ಕಿಕ್ಕಿರಿದಿತ್ತು. ಹಿಟ್ಟು ಮೆತ್ತಿದ ಉಗುರು, ಮನೆಯಲ್ಲುಡುವ ಸೀರೆ, ಎದೆಗೊತ್ತಿದ ಚೀಲ. ಬಸ್ಸು ಹೊಲಗಳ ನಡುವೆ ಪ್ರತಿ ಹಳ್ಳಿಗೂ ನಿಲ್ಲುತ್ತಿತ್ತು, ಪ್ರತಿ ಸಲವೂ ಆಕೆ ಹಲ್ಲು ಕಚ್ಚುತ್ತಿದ್ದಳು. ತನ್ನ ಮೇಲೇ ಸಿಟ್ಟು ಬಂತು: ಆ ದಿನ ಕೊಡ ಹಿಡಿದು ಓಡುವ ಮುಂಚೆ ಆ ಡಿಸ್ಕನ್ನು ಬೀರುವಿನಲ್ಲಿಟ್ಟಿದ್ದರೆ? ಆಮೇಲೆ ಅನ್ನಿಸಿತು, ಮನೆಯಲ್ಲಿ ಅಷ್ಟು ಜನರಿದ್ದಾಗ ನೀರು ಬಂದರೆ ಓಡುವವಳು ತಾನೊಬ್ಬಳೇ ಯಾಕಾಗಬೇಕಿತ್ತು?

ಮದುವೆ ಮನೆಯ ಬಾಗಿಲಲ್ಲಿ ಹುಡುಗಿಯರು ಗಂಧ ಹಚ್ಚಲು ಬಂದರು. ಆಕೆ ತಪ್ಪಿಸಿಕೊಂಡು ಅಕ್ಕಿ ಮೂಟೆಗಳಿದ್ದ ಕೋಣೆಗೆ ನುಗ್ಗಿದಳು. ಮೂಟೆಯ ಮೇಲೆ ಲ್ಯಾಪ್‌ಟಾಪು, ಅದಕ್ಕೆ ಬೊಟ್ಟಿನ ಡಿಸ್ಕು. ಕಾಪಿಯಾಗುವ ಹಸಿರು ಪಟ್ಟಿ ನಡುವೆಯೇ ನಿಂತಿತ್ತು. ಉದಯಕುಮಾರ ಒಂದು ಕೈಯಲ್ಲಿ ಕ್ಯಾಮೆರಾ, ಇನ್ನೊಂದು ಕೈಯಲ್ಲಿ ಕಾರ್ಡು ಹಿಡಿದು ಲ್ಯಾಪ್‌ಟಾಪನ್ನು ಬಯ್ಯುತ್ತಿದ್ದ.

“ಯಾಕ? ಮನ್ಯಾಗ ಏನಾತು?” ಅವನು ಬೆಚ್ಚಿದ.

“ಮನ್ಯಾಗ ಏನೂ ಆಗಿಲ್ಲ. ಆ ಕಾರ್ಡ್ ಅಳಿಸಿದ್ರೇನು?”

“ಇದು ಕಾಪಿ ಆಗೇತಿ, ಎರಡನೇದು ಸಿಕ್ಕಂಡೈತಿ. ಇದನ್ನ ಈಗ ಅಳಿಸಿ...”

ಆಕೆ ಅವನ ಕೈಯಿಂದ ಕಾರ್ಡನ್ನು ಕಸಿದುಕೊಂಡಳು. ಡಿಸ್ಕಿನಲ್ಲಿ ಕಾಪಿಯಾಗಿದೆ ಎಂದಿದ್ದ ವಿಡಿಯೊವನ್ನು ತೆರೆದಳು. ಮದುಮಗಳಿಗೆ ಅರಿಶಿನ ಹಚ್ಚುತ್ತಿದ್ದರು. ಕೈಗಳು ಕೆನ್ನೆಯ ತನಕ ಹೋದವು, ಚಿತ್ರ ನಿಂತಿತು, ಪರದೆ ಬೂದುಬಣ್ಣಕ್ಕೆ ತಿರುಗಿತು.

ಉದಯಕುಮಾರ ಪರದೆಯತ್ತ ಬಗ್ಗಿದ. ಆಕೆ ಆ ಡಿಸ್ಕನ್ನು ಕಿತ್ತು ತಾನು ತಂದದ್ದನ್ನು ಸಿಕ್ಕಿಸಿದಳು, ಕಾರ್ಡು ಹಾಕಿ ಕಾಪಿ ಮೊದಲಿನಿಂದ ಶುರುಮಾಡಿದಳು.

ಬಾಗಿಲಲ್ಲಿ ನರಸಣ್ಣ ಇಣುಕಿದ. “ಏಂದೋ ಉದಯ, ಅಲ್ಲಿ ಧಾರಿಗೆ ಕರೀತಾರಪ್ಪ. ಯಾರು ಇವ್ರು?”

“ನಮ್ಮ ಮನಿಯವರಣ್ಣಾ. ಒಂದು ಸಾಮಾನು ಮರ್ತಿದ್ದೆ, ಕೊಡಾಕ ಬಂದಾರ.” ನರಸಣ್ಣ ಹೋದ ಮೇಲೆ ಅವನು ದನಿ ತಗ್ಗಿಸಿದ. “ಆತಲ್ಲ, ಉಂಡು ಮೂರರ ಬಸ್ಸಿಗೆ ಹೋಗು. ಶೋಭಾ ಇವತ್ತ ಸಂಜಿ ಹೊಂಟಾಳ, ಬುತ್ತಿ ಕಟ್ಟಬೇಕು.”

ತ್ರಿವೇಣಿ ಕೆಟ್ಟ ಡಿಸ್ಕಿನ ಬೊಟ್ಟನ್ನು ಉಗುರಿನಿಂದ ಎಬ್ಬಿಸಿ ಮೂಟೆಗೆ ಒರೆಸಿದಳು. ತಾನು ತಂದಿದ್ದ ಚೀಲದಿಂದ ಖಾಲಿ ಕಾರ್ಡೊಂದನ್ನು ತೆಗೆದು ಅವನ ಕೈಗಿಟ್ಟಳು.

“ಧಾರಿ ಹಿಡೀರಿ ಹೋಗ್ರಿ. ಒಂದ್ ಕಾರ್ಡೂ ನನ್ನ ಕೇಳದ ಅಳಿಸಬ್ಯಾಡ್ರಿ. ಎಲ್ಲಾ ಇಳಿದು, ಎಲ್ಲಾ ತೆರೆದು ನೋಡೂತನಕ ನಾ ಏಳಂಗಿಲ್ಲ.”

“ಮತ್ತ ಬುತ್ತಿ?”

“ಆಕಿಗೆ ಕೈ ಅದಾವ. ಅತ್ತಿನೇ ಹೇಳ್ಯಾರ.”

ಅವನು ಬಾಗಿಲ ತನಕ ಹೋಗಿ ನಿಂತ. ಹಸಿರು ಪಟ್ಟಿ ಈಗ ನಿಲ್ಲದೆ ಸರಿಯುತ್ತಿತ್ತು. ಆಕೆಗೆ ಬೆಳಗಿನಿಂದ ಒಂದು ತುತ್ತೂ ಇಳಿದಿಲ್ಲವೆಂಬುದು ಆಗ ನೆನಪಾಯಿತು.

“ಧಾರಿ ಆದ ಮ್ಯಾಲ ಒಂದ್ ಎಲಿ ಊಟ ಇಲ್ಲಿಗೆ ತಂದುಕೊಡ್ರಿ,” ಅಂದಳು.

ಬಹಳ ಹೊತ್ತಾದ ಮೇಲೆ ತಂದ. ಎರಡು ಕೈಯಲ್ಲಿ ಹಿಡಿದಿದ್ದ ಎಲೆಯ ಅಂಚಿನಿಂದ ಸಾರು ಸೋರಿ ಅವನ ಹೊಸ ಶರ್ಟಿನ ಮೇಲೆ ಬಿದ್ದಿತ್ತು. ಮೂಟೆಯ ಮೇಲಿಟ್ಟು, ಕೈ ಎಲ್ಲಿ ಒರೆಸಿಕೊಳ್ಳಬೇಕೆಂದು ತಿಳಿಯದೆ ನಿಂತ.

ತ್ರಿವೇಣಿ ಪರದೆಯಿಂದ ಕಣ್ಣು ತೆಗೆಯಲಿಲ್ಲ.

“ನೀರು?” ಅಂದಳು.